ಕರ್ನಲ್ಲಿಗೆ ಒಂದೂವರೆ ಪಾಲು

ಹೋದ ತಿಂಗಳು ಮಣಿಪಾಲದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಒಬ್ಬ ಲ್ಯಾಬ್ ಇನ್‌ಸ್ಟ್ರಕ್ಟರಿಗೆ ಬೀಳ್ಕೊಡುಗೆ ಆಯಿತು. ಆರು ಮಂದಿ ಮಾತಾಡಿದರು, ಆರು ಮಂದಿಯೂ ‘ಸರಳ ಸಜ್ಜನ’ ಎಂದರು. ಒಬ್ಬ ಮನುಷ್ಯನ ಬಗ್ಗೆ ಹೇಳಲು ಏನೂ ಗೊತ್ತಿಲ್ಲದಾಗ ಉಪಯೋಗಕ್ಕೆ ಬರುವ ಮಾತು ಅದು. ನೀವೂ ಇಟ್ಟುಕೊಳ್ಳಿ, ಎಲ್ಲಾದರೂ ಬೇಕಾಗುತ್ತದೆ. ಶಾಲು ಹೊದೆಸಿ ಗೋಡೆ ಗಡಿಯಾರ ಕೊಟ್ಟರು. ಮೂವತ್ತು ವರ್ಷ ಬೆಲ್ಲಿಗೆ ಸರಿಯಾಗಿ ಬಂದವರಿಗೆ, ಇನ್ನು ಬೆಲ್ಲೇ ಇಲ್ಲ ಎನ್ನುವ ದಿನ ಗಡಿಯಾರ. ಯಾರ ಬುದ್ಧಿಯೋ, ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ನಾನು ಕೊನೆಯ ಸಾಲಿನಲ್ಲಿದ್ದೆ. ಎಸ್ಸೆಸ್ಸೆಲ್ಸಿ ಫೇಲಾಗಿ, ಉಡುಪಿಯಲ್ಲಿ ಹಳೆಯ ಕಂಪ್ಯೂಟರ್ ಕೊಂಡು ಮಾರುವವನನ್ನು ವೇದಿಕೆಗೆ ಕರೆಯುವಷ್ಟು ಕಾಲೇಜಿನವರಿಗೆ ತಲೆ ಕೆಟ್ಟಿರಲಿಲ್ಲ. ಹಾಗಾಗಿ ಅಲ್ಲಿ ಆಡದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ಇನಿಶಿಯಲ್ಲಿನ ಪಕ್ಕ ಚುಕ್ಕೆ ಬಿಟ್ಟುಹೋಗಿದೆ ಎಂದು ಹೇಳಲಿಕ್ಕೆ ಕಾರ್ಕಳದ ಹತ್ತಿರದ ಕುಕ್ಕುಂದೂರಿನಿಂದ ಎರಡು ಬಸ್ಸು ಬದಲಿಸಿ ಬರುವ ಆಸಾಮಿ.

ಮೊದಲ ಸಲ ಕಂಡದ್ದು ಹರಾಜಿನ ದಿನ. ಕಾಲೇಜಿನವರು ನಲವತ್ತು ಹಳೆಯ ಕಂಪ್ಯೂಟರುಗಳನ್ನು ವರಾಂಡದಲ್ಲಿ ರಾಶಿ ಹಾಕಿದ್ದರು. ನಾನು ಮುಖವನ್ನು ಆದಷ್ಟು ಬಾಡಿಸಿಕೊಂಡು ಸುತ್ತು ಹಾಕುತ್ತಿದ್ದೆ. ಕೊಳ್ಳಬೇಕಾದ ಸಾಮಾನಿನ ಎದುರು ಯಾವತ್ತೂ ನಗಬಾರದು. ಆಗ ಕನ್ನಡಕವನ್ನು ಅಂಗಿಯ ತುದಿಗೆ ಒರೆಸುತ್ತಾ ಒಬ್ಬರು ಹತ್ತಿರ ಬಂದರು.

“ಇದರಲ್ಲಿ ಹನ್ನೊಂದರ ಮದರ್‌ಬೋರ್ಡ್ ಹೋಗಿದೆ ಮಾರಾಯ್ರೆ. ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೇನೆ, ನೋಡಿ.”

“ನೀವು ಯಾರ ಕಡೆಯವರು?”

“ಕಾಲೇಜಿನವನೇ.”

ಮಾರುವವನೇ ಮಾಲಿನ ದೋಷ ಹೇಳುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹನ್ನೊಂದನ್ನು ತೋರಿಸಿ ಬೆಲೆಯನ್ನು ನೆಲಕ್ಕಿಳಿಸಿದೆ. ಇನ್ನೇನು ಕೈ ಕುಲುಕಬೇಕು, ಅಷ್ಟರಲ್ಲಿ ಅದೇ ಮನುಷ್ಯ ತೋರುಬೆರಳೆತ್ತಿ ನಿಂತರು. ಆ ಬೆರಳು ಮಾತು ಮುಗಿಯುವ ತನಕ ಇಳಿಯುವುದಿಲ್ಲ ಎಂದು ನನಗೆ ಆಮೇಲೆ ತಿಳಿಯಿತು. “ಆದರೆ ಆ ಮೂಲೆಯ ನಾಲ್ಕು ಉಂಟಲ್ಲ, ಅದು ಗುಜರಿಗೆ ಬರುವಂಥದ್ದೇ ಅಲ್ಲ. ಇನ್ನೂ ಆರು ವರ್ಷ ಓಡ್ತದೆ. ಪ್ರಿನ್ಸಿಪಾಲರಿಗೂ ಹೇಳಿದ್ದೇನೆ.” ಇಳಿದ ಬೆಲೆ ಹತ್ತಿತು. ಐದು ನಿಮಿಷದೊಳಗೆ ಎರಡೂ ಪಕ್ಷದವರ ಶಾಪ ಸಂಪಾದಿಸಿದ ಮನುಷ್ಯ ಕನ್ನಡಕ ಹಾಕಿಕೊಂಡು ನೆಮ್ಮದಿಯಿಂದ ಲ್ಯಾಬಿಗೆ ಹೋದರು.

ಆಮೇಲೆ ನಮಗೆ ಸ್ನೇಹವಾಯಿತು. ಅವರ ಮನಸ್ಸಿನಲ್ಲಿದ್ದ ಆಸೆ ಒಂದೇ. ಕಾಲೇಜಿನಲ್ಲಿ ಯಾವ ಯಂತ್ರ ಉಳಿಯಬೇಕು, ಯಾವುದು ಗುಜರಿಗೆ ಹೋಗಬೇಕು ಎಂಬ ಪಟ್ಟಿಗೆ ಸಹಿ ಹಾಕುವುದು ಲ್ಯಾಬ್ ಸೂಪರಿಂಟೆಂಡೆಂಟ್. ಇವರು ಬರೀ ಡಿಪ್ಲೊಮಾ, ಆದರೂ ಸರ್ವಿಸಿನಲ್ಲಿ ಎಲ್ಲರಿಗಿಂತ ಹಿರಿಯರು, ಒಂದು ಕಪ್ಪು ಚುಕ್ಕೆ ಇಲ್ಲ. ಆ ಕುರ್ಚಿ ಖಾಲಿಯಾಗುವುದನ್ನು ಕಾಯುತ್ತಿದ್ದರು. ಸಂಬಳಕ್ಕಲ್ಲ, ಆ ಸಹಿಗೆ. “ಅದು ನನಗೆ ಸಿಕ್ಕಿದ ದಿನ ನಿಮ್ಮ ಅಂಗಡಿಗೆ ಬೀಗ” ಎಂದು ನನ್ನ ಅಂಗಡಿಯಲ್ಲೇ ಕೂತು ನಗುತ್ತಿದ್ದರು. ಮಾತು ಸುಳ್ಳಲ್ಲ. ಕಾಲೇಜು ಒಳ್ಳೆಯ ಯಂತ್ರವನ್ನು ಗುಜರಿಗೆ ಹಾಕುವುದರಲ್ಲೇ ನನ್ನ ಅನ್ನ ಇದ್ದದ್ದು.

ವ್ಯವಹಾರ ಕಲಿಸಲು ನಾನೂ ಪ್ರಯತ್ನಪಟ್ಟೆ. ಹೆಂಡತಿಗೆ ಮಲ್ಲಿಗೆ ಕೊಳ್ಳುವಾಗ ಹೂವಿನವಳು ಹೇಳಿದ್ದನ್ನೇ ಕೊಟ್ಟು ಹೊರಡುತ್ತಿದ್ದರು. ನೋಡಲಾಗದೆ, “ಸರ್, ಮೊದಲು ಅರ್ಧಕ್ಕೆ ಕೇಳಬೇಕು” ಎಂದೆ.

“ಅರ್ಧಕ್ಕೆ ಕೊಡುದಾದರೆ ಅವಳು ಮೊದಲೇ ಅರ್ಧ ಹೇಳ್ತಿರಲಿಲ್ವಾ?”

ಇಂಥವರಿಗೆ ಎಂತ ಹೇಳುವುದು. ಬಸ್ಸಿನಲ್ಲಿ, ಪೇಟೆಯಲ್ಲಿ ಎಲ್ಲರೊಡನೆ ತುಳುವಿನಲ್ಲೇ ಹರಟುವ ಮನುಷ್ಯ, ಕಂಪ್ಯೂಟರಿನ ವಿಷಯ ಬಂದ ಕೂಡಲೇ ಪರೀಕ್ಷೆಗೆ ಕೂತವರ ಹಾಗೆ ಕನ್ನಡಕ್ಕೆ ತಿರುಗುತ್ತಿದ್ದರು. ಹುಡುಗರು ವೈವಾದಲ್ಲಿ ‘ಗೊತ್ತಿಲ್ಲ ಸರ್’ ಎಂದರೆ ಒಂದು ಮಾರ್ಕು ಕೊಡುತ್ತಿದ್ದರಂತೆ. ಗೊತ್ತಿದ್ದ ಹಾಗೆ ಮಾತಾಡಿದರೆ ಸೊನ್ನೆ. ನಾನು ಅವರ ಕೈಯಲ್ಲಿ ಕಲಿತಿದ್ದರೆ ನನ್ನ ಮಾರ್ಕು ಎಷ್ಟಾಗುತ್ತಿತ್ತು ಎಂದು ಲೆಕ್ಕ ಹಾಕುವ ಧೈರ್ಯ ನನಗಿಲ್ಲ.

ಈಗ ಕಾಪುವಿನ ಕತೆಗೆ ಬರುತ್ತೇನೆ.

ಕಾಪುವಿನಲ್ಲಿ ಒಬ್ಬ ಡಾಕ್ಟ್ರಮ್ಮನ ಸ್ಕ್ಯಾನಿಂಗ್ ಸೆಂಟರ್. ಅಲ್ಲಿ ಒಂದು ಮೂವತ್ತೆರಡು ಬಿಟ್ಟಿನ ಹಳೆಯ ಸರ್ವರ್. ವರ್ಷಗಟ್ಟಲೆಯ ಸ್ಕ್ಯಾನುಗಳೆಲ್ಲ ಅದರಲ್ಲೇ. ಆ ಸ್ಕ್ಯಾನುಗಳನ್ನು ತೆರೆಯುವ ಪ್ರೋಗ್ರಾಮ್ ಬೇರೆ ಯಂತ್ರದಲ್ಲಿ ಓಡದು, ಅದನ್ನು ಮಾಡಿದ ಕಂಪೆನಿಯೋ ಬಾಗಿಲು ಹಾಕಿ ಎಷ್ಟೋ ಕಾಲವಾಯಿತು. ಹೊಸ ಅರುವತ್ತನಾಲ್ಕು ಬಿಟ್ಟಿನದು ತಕ್ಕೊಳ್ಳಬಹುದಿತ್ತಲ್ಲ ಎಂದು ಕೇಳುವ ಜಾಣರಿಗೆ ನಮಸ್ಕಾರ. ಆ ಮಾತನ್ನು ಡಾಕ್ಟ್ರಮ್ಮನ ಎದುರು ಹೇಳಿ ಬನ್ನಿ. ಸರ್ವರಿನ ಉಸ್ತುವಾರಿ ನನ್ನದು. ಅದು ದಿನವೂ ಹನ್ನೊಂದು ಗಂಟೆಗೆ, ರೋಗಿಗಳ ಸಾಲು ಗೇಟಿನ ತನಕ ಬಂದ ಹೊತ್ತಿಗೆ ಸರಿಯಾಗಿ, ನಿಂತುಬಿಡುತ್ತಿತ್ತು.

“ಎಂತ ಇದು? ನಿಮ್ಮ ಮಷಿನಿಗೆ ಹನ್ನೊಂದಕ್ಕೆ ಚಹಾ ಕುಡೀಲಿಕ್ಕೆ ಉಂಟಾ?” ಎಂದು ಕೇಳಿದರು ಡಾಕ್ಟ್ರಮ್ಮ.

ಪರದೆಯ ಮೇಲೆ ಕರ್ನಲ್ಲಿಗೆ ಮೆಮೊರಿ ಸಾಲದು ಎಂಬರ್ಥದ ಒಂದು ಸಾಲು. ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಮಿನ ಯಜಮಾನ. ಉಳಿದ ಪ್ರೋಗ್ರಾಮುಗಳೆಲ್ಲ ಅವನ ಒಕ್ಕಲು. ಯಜಮಾನನಿಗೆ ಮೆಮೊರಿ ಸಾಲದಿದ್ದರೆ ಮೆಮೊರಿ ಮಾರುವ ನಾನು ಏನು ಹೇಳಬೇಕು? ನಾಲ್ಕು ಜಿಬಿ ರ‍್ಯಾಮನ್ನು ಎಂಟು ಮಾಡಿದೆ. ಯಂತ್ರ ಹತ್ತೂವರೆಗೆ ನಿಂತಿತು. ಎಂಟನ್ನು ಹದಿನಾರು ಮಾಡಿದೆ. ಹತ್ತಕ್ಕೆ ನಿಂತಿತು.

ಒಂದು ಶನಿವಾರ ಮಣಿಪಾಲದಿಂದ ಅವರನ್ನು ಕರೆದುಕೊಂಡು ಹೋದೆ. ಯಂತ್ರದ ಎದುರು ಹತ್ತು ನಿಮಿಷ ಕೂತು ಕನ್ನಡಕ ತೆಗೆದರು.

“ನೀವು ರ‍್ಯಾಮ್ ಹಾಕಿ ಹಾಕಿ ಇದನ್ನು ಹಾಳು ಮಾಡ್ತಾ ಇದ್ದೀರಿ.”

“ಕಡಿಮೆ ಅಂತ ಅದೇ ಹೇಳ್ತಾ ಉಂಟಲ್ಲ ಸರ್!”

“ಗದ್ದೆ ಕಡಿಮೆ ಅಂತ ಹೇಳ್ತಾ ಇಲ್ಲ ಮಾರಾಯ್ರೆ, ಡೋರ್ ನಂಬರ್ ಕಡಿಮೆ ಅಂತ ಹೇಳ್ತಾ ಉಂಟು. ನೀವು ಹದಿನಾರು ಎಕರೆ ತಂದು ಕೊಟ್ಟಿದ್ದೀರಿ. ಕರ್ನಲ್ಲಿನ ಕೈಯಲ್ಲಿ ಇರುವ ನಂಬರು ಒಂದು ಎಕರೆಯಷ್ಟಕ್ಕೆ ಮಾತ್ರ. ನಂಬರ್ ಇಲ್ಲದ ಮನೆಗೆ ಪೋಸ್ಟ್‌ಮ್ಯಾನ್ ಹೋಗ್ತಾನಾ? ಮೇಲಿಂದ, ನೀವು ತಂದ ಪ್ರತಿಯೊಂದು ಎಕರೆಯನ್ನೂ ಅದು ರಿಜಿಸ್ಟರಿನಲ್ಲಿ ಬರೀಬೇಕು. ಆ ರಿಜಿಸ್ಟರು ಇಡುವುದು ಎಲ್ಲಿ? ಅದೇ ಒಂದು ಎಕರೆಯಲ್ಲಿ. ನೀವು ಗದ್ದೆ ಕೊಟ್ಟಷ್ಟೂ ಅದಕ್ಕೆ ಕೂರ್ಲಿಕ್ಕೆ ಜಾಗ ಕಡಿಮೆ.”

ಬಾಗಿಲ ಬಳಿ ನಿಂತಿದ್ದ ಡಾಕ್ಟ್ರಮ್ಮ ಇದನ್ನೆಲ್ಲ ಕೇಳಿ ನನ್ನನ್ನು ನೋಡಿದ ನೋಟವನ್ನು ವರ್ಣಿಸುವುದಿಲ್ಲ. ರ‍್ಯಾಮ್ ಮಾರಿದವನು ನಾನು ಎಂದು ಅವರಿಗೆ ನೆನಪಿಸುವ ಅಗತ್ಯ ಇರಲಿಲ್ಲ.

ಹತ್ತಿರದ ಹೋಟೆಲಿನಲ್ಲಿ ನಮ್ಮ ಇನ್‌ಸ್ಟ್ರಕ್ಟರ್ ಸಜ್ಜಿಗೆ ಅವಲಕ್ಕಿ, ಎಂದರೆ ಒಂದೇ ತಟ್ಟೆಯಲ್ಲಿ ಉಪ್ಪಿಟ್ಟೂ ಅವಲಕ್ಕಿಯೂ, ತರಿಸಿ ಉಳಿದದ್ದನ್ನು ವಿವರಿಸಿದರು. ಮೂವತ್ತೆರಡು ಬಿಟ್ಟಿನ ಯಂತ್ರದಲ್ಲಿ ವಿಳಾಸಗಳ, ಎಂದರೆ ಆ ಡೋರ್ ನಂಬರುಗಳ, ತಟ್ಟೆಯೇ ನಾಲ್ಕು ಜಿಬಿಯದು, ಐದನೆಯ ಪಾಲು ಎಂಬುದಿಲ್ಲ. ಅದರಲ್ಲಿ ಒಂದು ಪಾಲು ಸಜ್ಜಿಗೆ, ಅದು ಕರ್ನಲ್ಲಿನದು. ಮೂರು ಪಾಲು ಅವಲಕ್ಕಿ, ಪ್ರೋಗ್ರಾಮಿನದು. ಹಾಗೆ ಹಂಚಿದವರು ಯಂತ್ರ ಚಿಕ್ಕದಾಗಿದ್ದ ಕಾಲದವರು. ಆ ಹಂಚಿಕೆಯ ಗಡಿಯನ್ನು ಸರಿಸಬಹುದು, ಒಂದು ಸಂಖ್ಯೆ ಬದಲಿಸಿ ಕರ್ನಲ್ಲನ್ನು ಹೊಸದಾಗಿ ಕಟ್ಟಬೇಕು. ಹೇಳುತ್ತಾ ಚಮಚದಲ್ಲಿ ಸಜ್ಜಿಗೆಯನ್ನು ಅವಲಕ್ಕಿಯ ಕಡೆ ಒತ್ತಿದರು. ಒಂದಿಷ್ಟು ಅವಲಕ್ಕಿ ಮೇಜಿಗೆ ಬಿತ್ತು. “ನೋಡಿ, ಹೀಗೆ” ಎಂದು ಬೆರಳೆತ್ತಿದರು. “ಇಲ್ಲಿ ಕೊಡುದು ಅಂದರೆ ಅಲ್ಲಿಂದ ಕಿತ್ತುಕೊಳ್ಳುದು.”

ಇದು ಚೌಕಾಸಿಯೇ ಎಂದು ಕಂಡ ಕೂಡಲೇ ನನಗೆ ಹುರುಪು ಬಂತು. “ಎರಡು ಕೊಡಿ ಸರ್ ಕರ್ನಲ್ಲಿಗೆ, ರೌಂಡ್ ಫಿಗರ್.”

“ನೋಡದೆ ಹೇಳುದು ಹೇಗೆ?”

ಆ ಶನಿವಾರವೂ ಮುಂದಿನ ಶನಿವಾರವೂ ಯಂತ್ರದ ಪಕ್ಕ ಸ್ಟೂಲು ಹಾಕಿ ಕೂತು, ಆ ಪ್ರೋಗ್ರಾಮ್ ಎಷ್ಟು ಬಾಚಿಕೊಳ್ಳುತ್ತದೆ ಎಂದು ಕಾಲು ಗಂಟೆಗೊಮ್ಮೆ ಬರೆದುಕೊಂಡರು. ಎರಡನೆಯ ಶನಿವಾರ ಸಂಜೆ ಚೀಟಿ ಮಡಚಿ, “ಅದಕ್ಕೆ ಎರಡೂಕಾಲು ಬೇಕು” ಎಂದರು. “ಕರ್ನಲ್ಲಿಗೆ ಒಂದೂವರೆ.”

“ಒಂದೂಮುಕ್ಕಾಲು ಮಾಡಿ ಸರ್. ಆಚೆ ಎರಡೂಕಾಲು ಸರಿಯಾಗಿ ಉಳೀತದೆ.”

“ಸರಿಯಾಗಿ ಉಳಿದರೆ ಯಾರಾದರೂ ಸೀನಿದರೆ ಬೀಳ್ತದೆ. ಒಂದೂವರೆ.”

“ಒಂದೂವರೆ, ಮೇಲೆ ಸ್ವಲ್ಪ...”

“ಒಂದೂವರೆ.”

ಹೂವಿನವಳ ಎದುರು ಸೋಲುವ ಮನುಷ್ಯ ನನ್ನ ಎದುರು ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಆದಿತ್ಯವಾರ ಬೆಳಿಗ್ಗೆ ಶುರು ಮಾಡಿ ಊಟದ ಹೊತ್ತಿಗೆ ಹೊಸ ಕರ್ನಲ್ ಕಟ್ಟಿದರು. ಹೊರಡುವಾಗ, “ಹೊಸದು ಹಾಕಿದಾಗ ಹಳೆಯದನ್ನು ಅದೇ ಪಕ್ಕಕ್ಕೆ ಎತ್ತಿಡ್ತದೆ. ಹಿಂದಿನ ಒಂದು ಸಲದ್ದು ಮಾತ್ರ” ಎಂದರು. ನಾನು ತಲೆಯಾಡಿಸಿದೆ. ಅರ್ಥವಾಗದಾಗ ತಲೆಯಾಡಿಸುವುದು ನನ್ನ ಕಸುಬಿನಲ್ಲಿ ಬಹಳ ಲಾಭ ತಂದದ್ದು. ನಷ್ಟ ತಂದದ್ದು ಇದೊಂದೇ ಸಲ.

ಒಂದು ಮಳೆಗಾಲ, ಒಂದು ಬೇಸಗೆ ಯಂತ್ರ ನಿಲ್ಲದೆ ಓಡಿತು. ಡಾಕ್ಟ್ರಮ್ಮ ನನ್ನನ್ನು ಶಿರ್ವದ ಒಬ್ಬರಿಗೆ ಶಿಫಾರಸು ಕೂಡ ಮಾಡಿದರು. ಆಮೇಲೆ ಎರಡನೆಯ ಸ್ಕ್ಯಾನರ್ ಬಂತು, ಯಂತ್ರ ಸ್ವಲ್ಪ ನಿಧಾನವಾಯಿತು. ಒಂದೂವರೆಯಿಂದ ಇಷ್ಟು ಸುಖ ಸಿಕ್ಕಿದರೆ ಎರಡರಿಂದ ಎಷ್ಟು ಸಿಗಬಹುದು ಎಂದು ನನ್ನ ವ್ಯಾಪಾರಿ ಬುದ್ಧಿ ಕೇಳಿತು. ಅವರು ಹೇಗೆ ಮಾಡಿದ್ದೆಂದು ಪಕ್ಕದಲ್ಲಿ ನಿಂತು ನೋಡಿದ್ದೆನಲ್ಲ. ಒಂದು ಆದಿತ್ಯವಾರ ನಾನೇ ಹೋಗಿ ಎರಡು ಹಾಕಿದೆ. ಯಂತ್ರ ಜಿಂಕೆಯ ಹಾಗೆ ಎದ್ದಿತು. ಹುರುಪು ಬಂದು ಅದೇ ದಿನ ಎರಡೂವರೆ ಹಾಕಿದೆ. ಮತ್ತೂ ಚಂದ ಎದ್ದಿತು. ಸ್ಕ್ಯಾನು ತೆರೆಯುವ ಪ್ರೋಗ್ರಾಮನ್ನು ಒಮ್ಮೆ ಓಡಿಸಿ ನೋಡಬೇಕು ಎಂಬುದೊಂದು ಹೊಳೆಯಲಿಲ್ಲ. ಮನೆಗೆ ಬಂದು ಚೆನ್ನಾಗಿ ನಿದ್ದೆ ಮಾಡಿದೆ.

ಸೋಮವಾರ ಬೆಳಿಗ್ಗೆ ಯಜಮಾನ ಗತ್ತಿನಲ್ಲಿ ಕೂತಿದ್ದ. ಒಕ್ಕಲಿಗೆ ಕಾಲಿಡಲು ಜಾಗ ಇರಲಿಲ್ಲ. ಪ್ರೋಗ್ರಾಮ್ ಶುರುವೇ ಆಗಲಿಲ್ಲ. ಪಕ್ಕಕ್ಕೆ ಎತ್ತಿಟ್ಟ ಹಳೆಯ ಕರ್ನಲ್ಲಿನಿಂದ ಎಬ್ಬಿಸಿದೆ. ಎರಡು ಸಲ ಹಾಕಿದ್ದರಿಂದ ಪಕ್ಕದಲ್ಲಿದ್ದದ್ದು ಅವರ ಒಂದೂವರೆಯದಲ್ಲ, ನನ್ನ ಎರಡರದ್ದು. ಪ್ರೋಗ್ರಾಮ್ ಶುರುವಾಯಿತು, ಸಾಲು ಬೆಳೆದಂತೆ ಬಿತ್ತು.

“ಇವತ್ತು ಸರಿಯಾಗದಿದ್ದರೆ ನಿಮ್ಮ ಡಬ್ಬ ತಕ್ಕೊಂಡು ಹೋಗಿ” ಎಂದರು ಡಾಕ್ಟ್ರಮ್ಮ. “ಶಿರ್ವದವರಿಗೂ ಫೋನ್ ಮಾಡ್ತೇನೆ.”

ಆ ದಿನ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಎಂದು ನನಗೆ ಗೊತ್ತಿತ್ತು. ಸೂಪರಿಂಟೆಂಡೆಂಟ್ ಕುರ್ಚಿ ಖಾಲಿಯಾಗಿದೆ, ಮುಂದಿನ ವಾರ ಸಂದರ್ಶನ ಎಂದೂ ಗೊತ್ತಿತ್ತು. ಗೊತ್ತಿದ್ದೇ ಕಾರು ಮಣಿಪಾಲಕ್ಕೆ ಓಡಿಸಿದೆ.

ಅಟೆಂಡರನ್ನು ಕಳಿಸಿ ಲ್ಯಾಬಿನಿಂದ ಹೊರಗೆ ಕರೆಸಿದೆ. ವರಾಂಡದಲ್ಲಿ ನಿಂತು ಅವರು ಕೇಳಿದ್ದು ಎರಡೇ ಪ್ರಶ್ನೆ.

“ಎಷ್ಟು ಹಾಕಿದಿರಿ?”

“ಎರಡೂವರೆ.”

“ಎಷ್ಟು ಸಲ?”

“ಎರಡು ಸಲ ಸರ್.”

“ಹಾಗಾದರೆ ನನ್ನದು ಹೋಯ್ತು” ಎಂದು ಕನ್ನಡಕ ಒರೆಸಿದರು. “ಇನ್ನೊಂದು ಪ್ರತಿ ಬೇರೆ ಕಡೆ ಇಟ್ಟಿದ್ದೇನೆ. ನೀವು ಕೈ ಹಾಕ್ತೀರಿ ಅಂತ ಅಂದಾಜು ಇತ್ತು.”

“ಎಲ್ಲಿ ಉಂಟು ಅಂತ ಬರೆದು ಕೊಡಿ, ನಾನೇ ಹಾಕ್ತೇನೆ.”

ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು. “ನೀವಾ? ಬೇಡ. ಎರಡನೆಯ ಬ್ಯಾಚು ಹನ್ನೆರಡಕ್ಕೆ. ಅಷ್ಟರೊಳಗೆ ಬರುವ, ನಡೀರಿ.”

ಕಾಪುವಿನಲ್ಲಿ ಕೆಲಸಕ್ಕೆ ಹಿಡಿದದ್ದು ಕಾಲು ಗಂಟೆ. ಯಂತ್ರ ಎದ್ದಿತು, ಸಾಲು ಕರಗಿತು. ಹಿಂದಿರುಗುವಾಗ ಕಟಪಾಡಿಯಲ್ಲಿ ಲಾರಿ ಅಡ್ಡ ನಿಂತು ಅರ್ಧ ಗಂಟೆ ಹೋಯಿತು, ಹನ್ನೆರಡು ದಾಟಿತು. ಅದೇ ಹೊತ್ತಿಗೆ ಹೊರಗಿನ ಪರೀಕ್ಷಕರನ್ನು ಕರೆದುಕೊಂಡು ಪ್ರಿನ್ಸಿಪಾಲರು ಲ್ಯಾಬಿಗೆ ಬಂದರು. ಒಬ್ಬಳು ವಿದ್ಯಾರ್ಥಿನಿಯ ಕಂಪ್ಯೂಟರ್ ಕೆಟ್ಟು ಕೂತಿತ್ತು. ನೋಡಬೇಕಾದ ಇನ್‌ಸ್ಟ್ರಕ್ಟರ್ ಇಲ್ಲ.

ಸಂಜೆಗೆ ಮೆಮೊ ಬಂತು. ಅವರ ಸರ್ವಿಸಿನಲ್ಲೇ ಮೊದಲನೆಯದು. ಮೂರು ದಿನದೊಳಗೆ ಕಾರಣ ಕೊಡಬೇಕು, ಇಲ್ಲದಿದ್ದರೆ ಸಂದರ್ಶನಕ್ಕೆ ಹೆಸರಿಲ್ಲ.

ಮರುದಿನವೇ ನಾನು ಒಂದು ಪತ್ರ ತಯಾರು ಮಾಡಿದೆ. ಪತ್ರ ಬರೆಯುವುದರಲ್ಲಿ ನಾನು ಯಾವ ಡಿಗ್ರಿಯವರಿಗೂ ಕಡಿಮೆ ಇಲ್ಲ. ‘ಸರ್ವರಿನಲ್ಲಿ ಹಠಾತ್ತಾಗಿ ಮೆಮೊರಿ ಕೊರತೆ ಉಂಟಾಗಿ, ತುರ್ತು ರೋಗಿಯೊಬ್ಬರ ಜೀವ ಅಪಾಯದಲ್ಲಿದ್ದಾಗ, ಕರೆಗೆ ಓಗೊಟ್ಟು ಧಾವಿಸಿದ ಮಹನೀಯರು...’ ಓದಿ, ಇಲ್ಲದ ಆ ರೋಗಿಗಾಗಿ ನಾನೇ ಮರುಗಿದೆ. ಅದನ್ನು ಅವರ ಮುಂದೆ ಇಟ್ಟೆ. ಅವರು ಕೆಂಪು ಪೆನ್ನು ತೆಗೆದರು.

“ಮೆಮೊರಿ ಕೊರತೆ ಎಲ್ಲಿತ್ತು? ಹದಿನಾರು ಜಿಬಿ ಹಾಗೇ ಬಿದ್ದಿತ್ತು. ಹಂಚಿಕೆ ತಪ್ಪಿದ್ದು.”

“ಪ್ರಿನ್ಸಿಪಾಲರಿಗೆ ಅದೆಲ್ಲ ಎಂತಕ್ಕೆ ಸರ್?”

“ಅವರಿಗೆ ಬೇಡದಿರಬಹುದು. ಇದರಲ್ಲಿ ನನ್ನ ಹೆಸರು ಉಂಟು. ಮತ್ತೆ, ಯಾರ ಜೀವ ಅಪಾಯದಲ್ಲಿ ಇತ್ತು?”

“ಡಾಕ್ಟ್ರಮ್ಮನ ಎದುರು ನಂದು!”

ಅವರು ನಗಲಿಲ್ಲ. ಪೂರಾ ಹೊಡೆದು ಹಾಕಿ, ಕೆಳಗೆ ತಾವೇ ಬರೆದರು: ಅಂಗಡಿಯವರು ಕರ್ನಲ್ಲಿನ ವಿಳಾಸದ ಪಾಲನ್ನು ಒಂದೂವರೆಯಿಂದ ಅಳತೆ ನೋಡದೆ ಹೆಚ್ಚಿಸಿದರು, ಅದರಿಂದ ಪ್ರೋಗ್ರಾಮಿಗೆ ಪಾಲು ಸಾಲದಾಯಿತು, ರೋಗಿಗಳ ಸಾಲು ಇತ್ತು, ಯಾರಿಗೂ ತುರ್ತು ಇರಲಿಲ್ಲ, ಸಂಖ್ಯೆ ಹೇಳಿದ ಇನ್‌ಸ್ಟ್ರಕ್ಟರ್ ಅದರ ಮಿತಿಯನ್ನು ಬರೆದು ಕೊಡದೇ ಇದ್ದದ್ದು ಅವರ ತಪ್ಪು.

“ಸರ್, ಇದನ್ನು ಕೊಟ್ಟರೆ ಕುರ್ಚಿ ಹೋಯ್ತು” ಎಂದೆ. “ಮೊದಲಿನದಕ್ಕೆ ಅವರು ಕರಗ್ತಾರೆ. ನಾನು ಮುಖ ನೋಡಿ ಹೇಳ್ತೇನೆ. ನಾಲ್ಕು ಸಾಲು ಸುಳ್ಳು, ಒಂದು ಜೀವಮಾನದ ಸಹಿ. ಇಷ್ಟು ಸೋವಿ ವ್ಯವಹಾರ ನಾನು ಕಂಡಿಲ್ಲ.”

“ಸುಳ್ಳು ಪಟ್ಟಿಗೆ ಸಹಿ ಹಾಕಬಾರದು ಅಂತಲ್ವಾ ನನಗೆ ಆ ಕುರ್ಚಿ ಬೇಕಿದ್ದದ್ದು?” ಎಂದರು. “ನೀವು ಇದನ್ನು ನಿಮ್ಮ ಲೆಟರ್‌ಹೆಡ್ಡಿನಲ್ಲಿ ಬರೆದು ಕೊಡುದಾದರೆ ಕೊಡಿ. ಇಲ್ಲದಿದ್ದರೆ ಬೇಡ.”

ಬುಧವಾರ ಪ್ರಿನ್ಸಿಪಾಲರ ಕೋಣೆಯ ಹೊರಗೆ ಬೆಂಚಿನಲ್ಲಿ ಕೂತಾಗ ನನ್ನ ಚೀಲದಲ್ಲಿ ಎರಡೂ ಪತ್ರ ಇದ್ದವು. ಕೆಂಪು ಶಾಯಿ ಇಲ್ಲದ ಹೊಸ ಪ್ರತಿ, ಎರಡರದ್ದೂ. ಅವರು ಆ ಕುರ್ಚಿಗೆ ಬಂದರೆ ನನಗೆ ನಷ್ಟ, ಬಾರದಿದ್ದರೆ ಲಾಭ. ನಾನಾದರೋ ಅವರನ್ನು ಅಲ್ಲಿ ಕೂರಿಸಲು ಸುಳ್ಳು ಹೇಳಲಿಕ್ಕೆ ತಯಾರಾಗಿ ಬಂದಿದ್ದೆ. ಬದುಕಿನಲ್ಲಿ ಮೊದಲ ಸಲ ನನ್ನ ಕೈಯಿಂದ ದುಡ್ಡು ಹೋಗುವುದಕ್ಕೆ ಚೌಕಾಸಿ ಮಾಡುತ್ತಿದ್ದೆ. ಒಳಗೆ ಕರೆದರು. ಪ್ರಿನ್ಸಿಪಾಲರು ಕೈ ಚಾಚಿದರು. ಚೀಲದೊಳಗೆ ನನ್ನ ಬೆರಳು ಮೊದಲು ಮುಟ್ಟಿದ್ದು ಧಾವಿಸಿದ ಮಹನೀಯರನ್ನೇ. ಅದನ್ನು ಬಿಟ್ಟು ಇನ್ನೊಂದನ್ನು ತೆಗೆದು ಕೊಟ್ಟೆ.

ಅವರು ಎರಡು ಸಲ ಓದಿದರು. “ಹಾಗಾದರೆ ಯಾರಿಗೂ ತುರ್ತು ಇರಲಿಲ್ಲ?”

“ಇರಲಿಲ್ಲ ಸರ್. ಸಾಲು ಇತ್ತು.”

“ತಪ್ಪು ನಿಮ್ಮದು?”

“ನಂದೇ.”

“ಇದನ್ನು ಬರೆದು ತಂದು ಕೊಡ್ಲಿಕ್ಕೆ ನಿಮಗೆ ಹೇಳಿದ್ದು ಯಾರು?”

ಅದಕ್ಕೂ ನಿಜವನ್ನೇ ಹೇಳಿದೆ. ಪ್ರಿನ್ಸಿಪಾಲರು ಪತ್ರವನ್ನು ಫೈಲಿಗೆ ಸೇರಿಸಿ, ಪರೀಕ್ಷೆ ಬಿಟ್ಟು ಖಾಸಗಿ ಕೆಲಸಕ್ಕೆ ಹೋದದ್ದನ್ನು ಅವರೇ ಒಪ್ಪಿಕೊಂಡ ಹಾಗಾಯಿತಲ್ಲ ಎಂದರು. ಬೇಸರದಿಂದಲೇ ಎಂದರು, ಆ ಮಟ್ಟಿಗೆ ಒಳ್ಳೆಯವರು. ಸಂದರ್ಶನದ ಪಟ್ಟಿ ಮರುದಿನ ಗೋಡೆಗೆ ಹತ್ತಿತು. ಅವರ ಹೆಸರಿರಲಿಲ್ಲ. ಕುರ್ಚಿಗೆ ಬಂದವರಿಗೆ ಯಂತ್ರದ ಒಳಗೇನಿದೆ ಎಂಬ ಕುತೂಹಲವೇ ಇರಲಿಲ್ಲ, ನನ್ನ ಅಂಗಡಿ ಇವತ್ತಿಗೂ ಭೇಷಾಗಿ ನಡೆಯುತ್ತಿದೆ.

ಪಟ್ಟಿ ಬಂದ ದಿನ ಸಂಜೆ ಅವರು ಬಸ್ಸಿಗೆ ಕಾಯುವಲ್ಲಿಗೆ ಹೋಗಿ ನಿಂತೆ. ಅವರೇ ಕೇಳಿದರು.

“ಯಾವ ಪತ್ರ ಕೊಟ್ಟಿರಿ?”

“ನೀವು ಬರೆದದ್ದೇ.”

“ಒಂದೂವರೆ ಅಂತ ಸರಿಯಾಗಿ ಬರೆದಿದ್ದೀರಲ್ವಾ?”

“ಬರೆದಿದ್ದೇನೆ ಸರ್.”

“ಕಾಪುವಿನಲ್ಲಿ ಮಷಿನು?”

“ಓಡ್ತಾ ಉಂಟು.”

ಕಾರ್ಕಳದ ಬಸ್ಸು ಬಂತು. ಮೆಟ್ಟಿಲು ಹತ್ತಿ, ಕಂಬಿ ಹಿಡಿದು ನನ್ನ ಕಡೆ ತಿರುಗಿದರು.

“ಮತ್ತೆಂತ ಬೇಕು ಮಾರಾಯ್ರೆ?” ಎಂದರು.